‘ಇನ್ನೆಷ್ಟು ಉಳಿದಿದೆ ಮೇಡಂ?’: ಬೆನ್ನುನೋವಿನ ಒಂದು ಪ್ರಕರಣ

ಬೆನ್ನುನೋವಿಗೂ ಆಪ್ತಸಲಹೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಈ ಪ್ರಕರಣದ ಮಾತನ್ನೇ ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 46 ವರ್ಷ. ಸೊಂಟದಿಂದ ಎಡಗಾಲಿಗೆ ಇಳಿಯುವ ನೋವು ಶುರುವಾಗಿ ಎಂಟು ತಿಂಗಳಾಗಿತ್ತು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ (ಎಲ್4-ಎಲ್5) ನಡುವೆ ಮೆತ್ತೆಯಂತಿರುವ ಡಿಸ್ಕ್ ಉಬ್ಬಿದೆ, ಸವೆದಿದೆ ಎಂದು ಎಂ.ಆರ್.ಐ. ವರದಿ ಹೇಳಿತ್ತು. ತಜ್ಞರು ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದಿದ್ದರು. ಆಕೆ ಎರಡು ಸಲ ಹೋಗಿ, ಬಿಟ್ಟುಬಿಟ್ಟರು. ನಿದ್ದೆಯಿಲ್ಲ, ಮಾತಿಗೆ ಮುಂಚೆ ಕಣ್ಣೀರು. ನನ್ನ ಬಳಿ ಕಳಿಸಿದ್ದು ಅದಕ್ಕೇ.

ಮೊದಲೆರಡು ಭೇಟಿಗಳಲ್ಲಿ ನಿದ್ದೆ, ಉಸಿರಾಟ ಎಂದು ಅಲ್ಲೇ ಸುತ್ತಿದೆ. ವ್ಯಾಯಾಮ ಯಾಕೆ ಬಿಟ್ಟಿರಿ ಎಂದು ಕೇಳಲೇ ಇಲ್ಲ. ಅದು ನನ್ನ ತಪ್ಪು. ಮೂರನೆಯ ಸಲ ಕೇಳಿದೆ.

“ಇರೋದನ್ನಾದ್ರೂ ಉಳಿಸ್ಕೋಬೇಕಲ್ಲ ಮೇಡಂ.”

“ಏನನ್ನ?”

“ಡಿಸ್ಕ್‌ನ. ಸವೆದಿದೆ ಅಂತ ಬರೆದಿದ್ದಾರಲ್ಲ. ಬಳಸಿದಷ್ಟೂ ಸೋಪು ಸವೆಯುತ್ತಲ್ಲ, ಹಾಗೆ. ಬಗ್ಗಿದಾಗೆಲ್ಲ ಇನ್ನೊಂಚೂರು ಹೋಯ್ತು ಅನ್ಸುತ್ತೆ. ಇನ್ನೆಷ್ಟು ಉಳಿದಿದೆ ಅಂತ ಯಾರೂ ಹೇಳಲ್ಲ.”

ಎಂಟು ತಿಂಗಳಿಂದ ಈಕೆ ನಡಿಗೆಯನ್ನು, ಬಗ್ಗುವುದನ್ನು ಜಿಪುಣತನದಿಂದ ಖರ್ಚು ಮಾಡುತ್ತಿದ್ದರು. ಅಂಥ ನಂಬಿಕೆ ಇದ್ದರೆ ಯಾರು ತಾನೇ ವ್ಯಾಯಾಮ ಮಾಡುತ್ತಾರೆ? ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕಕ್ಕೆ ಸಿಕ್ಕಿದ ಪದವೇ ತಪ್ಪಾಗಿತ್ತು.

ಡಿಸ್ಕ್ ಜೀವವಿರುವ ಅಂಗಾಂಶ ಎಂದೆ. ದೊಡ್ಡವರ ಡಿಸ್ಕ್‌ಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದ ಮೂಳೆಯಿಂದ ಪೋಷಣೆ ಜಿನುಗಿ ಬರಬೇಕು. ಭಾರ ಬಿದ್ದು ಬಿಟ್ಟಂತೆಲ್ಲ ಅದರೊಳಗೆ ನೀರು ಓಡಾಡುತ್ತದೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನದ ಪ್ರಕಾರ, 40ರ ವಯಸ್ಸಿನಲ್ಲಿ ಶೇ. 68 ಮಂದಿಗೆ ಈ ‘ಸವೆತ’ ಇರುತ್ತದೆ, ಅರ್ಧದಷ್ಟು ಜನರಿಗೆ ಉಬ್ಬೂ ಇರುತ್ತದೆ. ಕೂದಲು ನರೆತ ಹಾಗೆ.

ಬಹಳ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನನ್ನ ನೋವು ಸುಳ್ಳಾ?” ಎಂದರು.

ಈ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟರೆ ಎಲ್ಲ ಕೆಡುತ್ತದೆ. “ನೋವು ನಿಜ. ನರ ಕೆರಳಿದೆ, ಅದಕ್ಕೇ ಕಾಲಿಗೆ ಇಳಿಯುತ್ತೆ. ಆದರೆ ನೋವಾದಾಗೆಲ್ಲ ಡಿಸ್ಕ್ ಕರಗ್ತಿದೆ ಅನ್ನೋದು ನಿಜ ಅಲ್ಲ,” ಎಂದೆ. ಆಗ ಅತ್ತರು. ಅದು ಮೊದಲಿನ ಅಳುವಾಗಿರಲಿಲ್ಲ.

ಸಲಹೆ ಸರಳವಾಗಿತ್ತು: ಫಿಸಿಯೋಥೆರಪಿಗೆ ವಾಪಸು ಹೋಗಿ, ಈ ಸೋಪಿನ ಮಾತನ್ನು ಅವರಿಗೂ ಹೇಳಿ. ದಿನಕ್ಕೆರಡು ಸಲ ಆರು ನಿಮಿಷ ಗಡಿಯಾರ ನೋಡಿಕೊಂಡು ನಡೆಯಿರಿ. ಚೆನ್ನಾಗಿದ್ದ ದಿನವೂ ಹೆಚ್ಚು ಬೇಡ, ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ನೋವು ಜೋರಾದರೆ ಬಿಸಿ ಶಾಖ ಕೊಡಿ, ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಕೊಡಬಹುದು, ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೇಳಿದರು. ಕಾಲುನೋವಿಗೆ ಅದರಿಂದ ಕೆಲವು ವಾರ ಬಿಡುವು ಸಿಗಬಹುದು, ಆ ವಾರಗಳನ್ನು ವ್ಯಾಯಾಮಕ್ಕೆ ಬಳಸಿದರೆ ಮಾತ್ರ ಪ್ರಯೋಜನ ಎಂದೆ.

ಸ್ಕ್ಯಾನ್ ವಿಷಯ ಸಲಹೆಗಾರರು ಮಾತಾಡಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕೆಯ ಒಪ್ಪಿಗೆ ಪಡೆದು ವೈದ್ಯರೊಂದಿಗೆ ಮೊದಲೇ ಮಾತಾಡಿದ್ದೆ. ಪಾದ ಎತ್ತಲಾಗದಂಥ ದೌರ್ಬಲ್ಯ, ತೊಡೆಸಂದು-ಕುಂಡೆಯ ಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಇವೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತೇನೆ. ಇದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸುತ್ತೇನೆ. ಶಸ್ತ್ರಚಿಕಿತ್ಸೆಗೆ ನಾನು ವಿರೋಧಿಯಲ್ಲ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ (ನರ ಕೆರಳಿ ಸೊಂಟದಿಂದ ಕಾಲಿಗೆ ಇಳಿಯುವ ನೋವು) ಇದ್ದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡವರು ಬೇಗ ಚೇತರಿಸಿಕೊಂಡರು. ಬೇಕಾದರೆ ಮುಂದೆ ನೋಡೋಣ ಎಂದು ಕಾದವರೂ ವರ್ಷ ತುಂಬುವ ಹೊತ್ತಿಗೆ ಅವರಿಗೆ ಸಮವಾಗಿದ್ದರು. ಕಾಯಲು ಸಮಯವಿದೆ ಎಂದು ಗೊತ್ತಾದವರಿಗೆ ಆಯ್ಕೆಯೂ ಇರುತ್ತದೆ.

ನಾಲ್ಕು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಮತ್ತೆ ಹಿಡಿದುಕೊಂಡಿತಂತೆ. ಒಂದು ದಿನ ಮಲಗಿ, ಮರುದಿನ ಆರು ನಿಮಿಷದಿಂದ ಮತ್ತೆ ಶುರುಮಾಡಿದರು. ನನಗೆ ಫೋನ್ ಮಾಡಿದ್ದು ನಾಲ್ಕನೆಯ ದಿನ.