ಬಿಳಿ ಬೂಟಿನ ಹಿಂಟನ್ ಇರ್ಲಿ ಸ್ವಾಮಿ, ನಮ್ಮ ರಾಬರ್ಟ್‌ಸನ್ ಲೆಕ್ಕಾನೇ ಬೇರೆ

ಪತ್ರ: ಇಂಗ್ಲಿಷ್ ಫುಟ್‌ಬಾಲ್ ಅಂದ್ರೆ ನಿಮಗೆ ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಜಾನ್ ರಾಬರ್ಟ್‌ಸನ್ ಬಿಟ್ಟು ಎಡಗಡೆ ಅಂಚಲ್ಲಿ ಆಡೋ ಬೇರೆ ಲೆಫ್ಟ್ ವಿಂಗರ್ರೇ ಕಾಣಲ್ವಾ? ಡರ್ಬಿ ಕೌಂಟಿ 1971-72ರಲ್ಲಿ ಲೀಗ್ ಗೆದ್ದಾಗ 15 ಗೋಲ್ ಹೊಡೆದವನು ಆ್ಯಲನ್ ಹಿಂಟನ್. ಅವನನ್ನ ಬಿಟ್ಟು ಸಿಗರೇಟು ಸೇದ್ಕೊಂಡು, ಹೊಟ್ಟೆ ಬಿಟ್ಕೊಂಡು, ಓಡಕ್ಕೇ ಬರದ ಆಳನ್ನ ಯಾಕೆ ತಲೆ ಮೇಲೆ ಹೊತ್ಕೊಂಡು ಕುಣೀತೀರ? 1983ರಲ್ಲಿ ಅವನೇ ಡರ್ಬಿಗೆ ಬಂದು ಟೀಮ್ ಮುಳುಗಿಸಿದ್ದನ್ನೂ ಸ್ವಲ್ಪ ಬರೀರಿ.
ಹಾಸನದ ಓದುಗರೊಬ್ಬರು

ಉತ್ತರ: ಮೊದಲಿಗೆ ಭೇಷ್ ಅಂತೀನಿ ರೀ. ಹಿಂಟನ್ ಹೆಸರು ನೆನಪಿಟ್ಕೊಂಡು ಪತ್ರ ಬರೆಯೋರು ಇನ್ನೂ ಇದಾರಲ್ಲ, ಈ ಮ್ಯಾಗಜೀನ್ ನಡೆಸಿದ್ದು ಸಾರ್ಥಕ ಆಯ್ತು.

ಹಿಂಟನ್ ದೊಡ್ಡ ಆಟಗಾರ, ಅದ್ರಲ್ಲಿ ಎರಡು ಮಾತಿಲ್ಲ. ಎರಡೂ ಕಾಲಲ್ಲಿ ಅಂಚಿಂದ ಗೋಲ್ ಮುಂದಕ್ಕೆ ಕ್ರಾಸ್ ಹಾಕೋನು, ಶಾಟ್ ಅಂತೂ ಗುಂಡು. ಎಲ್ರೂ ಕರೀ ಬೂಟು ಹಾಕ್ತಿದ್ದ ಕಾಲದಲ್ಲಿ ಬಿಳೀ ಬೂಟು ಹಾಕ್ಕೊಂಡು ಇಳೀತಿದ್ದ, ಟ್ಯಾಕಲ್ ಅಂದ್ರೆ ದೂರ ಸರೀತಾನೆ ಅಂತ ಜನ ಅವನಿಗೆ 'ಗ್ಲಾಡಿಸ್' ಅಂತ ಹೆಂಗಸಿನ ಹೆಸರಿಟ್ಟು ಕಾಡಿಸ್ತಿದ್ರು. ಆಮೇಲೆ ಕೆನಡಾಗೆ ಹೋಗಿ ವ್ಯಾಂಕೂವರ್ ಟೀಮಲ್ಲಿ 1978ರ ಒಂದೇ ಸೀಸನ್ನಲ್ಲಿ 30 ಅಸಿಸ್ಟ್, ಅಂದ್ರೆ ಬೇರೆಯವರು ಗೋಲ್ ಹೊಡೆಯೋಕೆ ಪಾಸು, ಕೊಟ್ಟ. ಆಯ್ತಾ? ಸಮಾಧಾನ ಆಯ್ತಲ್ಲ? ಈಗ ನನ್ನ ಮಾತು ಕೇಳಿ.

ಮಜಾ ಏನಂದ್ರೆ ಇಬ್ಬರನ್ನೂ ಕಡೆದಿದ್ದು ಒಂದೇ ಜೋಡಿ, ಮ್ಯಾನೇಜರ್ ಬ್ರಯಾನ್ ಕ್ಲಫ್ ಮತ್ತೆ ಅವನ ಅಸಿಸ್ಟೆಂಟ್ ಪೀಟರ್ ಟೇಲರ್. ಹಿಂಟನ್ನನ್ನ ಫಾರೆಸ್ಟಿಂದ ಡರ್ಬಿಗೆ ತಂದ್ರು. ಆದ್ರೆ ಅವನು ಅಷ್ಟೊತ್ತಿಗೆ ಇಂಗ್ಲೆಂಡಿಗೆ ಆಡಿ ಬಂದಿದ್ದ ರೆಡಿ ಮಾಲು. ರಾಬರ್ಟ್‌ಸನ್ ಹಾಗಲ್ಲ. 1975ರಲ್ಲಿ ಕ್ಲಫ್ ಫಾರೆಸ್ಟಿಗೆ ಕಾಲಿಟ್ಟಾಗ ಈ ಸ್ಕಾಟ್ಲೆಂಡ್ ಹುಡುಗ ಯಾರಿಗೂ ಬೇಡವಾಗಿ ಮೂಲೇಲಿ ಬಿದ್ದಿದ್ದ. ಕೊಳಕ, ಫಿಟ್ನೆಸ್ ಇಲ್ಲ, ಆಸಕ್ತಿ ಇಲ್ಲ ಅಂತ ಕ್ಲಫ್ಫೇ ಮೂಗು ಮುರಿದಿದ್ದ. ನನ್ನ ಮುಖ ಸರಿ ಇಲ್ಲ ಅನ್ಸಿದ ದಿನ ರಾಬರ್ಟ್‌ಸನ್ ಪಕ್ಕ ಕೂತ್ರೆ ನಾನೇ ಸಿನಿಮಾ ಹೀರೋ ತರ ಕಾಣ್ತೀನಿ ಅಂತ ಆಡ್ಕೊಳ್ತಾನೂ ಇದ್ದ. ಅದೇ ಬಾಯಲ್ಲಿ ಅವನನ್ನ ಫುಟ್‌ಬಾಲಿನ ಪಿಕಾಸೊ ಅಂತಾನೂ ಕರೆದ.

ಓಡಕ್ಕೆ ಬರಲ್ಲ ಅಂದ್ರಲ್ಲ, ಒಪ್ಪಿದೆ, ಬರ್ತಿರ್ಲಿಲ್ಲ. ಮದುವೆ ಮನೇಲಿ ದೊಡ್ಡ ಅಡುಗೆ ಭಟ್ರು ಓಡಾಡೋದನ್ನ ನೋಡಿದೀರಾ? ಸ್ಟೂಲ್ ಹಾಕ್ಕೊಂಡು ಕೂತಿರ್ತಾರೆ, ಊಟ ಮಾತ್ರ ಟೈಮಿಗೆ ಎಲೆಗೆ ಬರುತ್ತೆ. ಇವನೂ ಹಂಗೇ, ಟಚ್‌ಲೈನ್ ಪಕ್ಕ ನಿಂತಿರೋನು. ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಆಡ್ತಿದ್ದ ಯುರೋಪಿಯನ್ ಕಪ್ಪಿನ 1979ರ ಫೈನಲ್ ವಿಡಿಯೊ ಸಿಕ್ರೆ ನಿಧಾನಕ್ಕೆ ನೋಡಿ. ಮ್ಯೂನಿಕ್, ಎದುರಿಗೆ ಸ್ವೀಡನ್ನಿನ ಮಾಲ್ಮೊ, ಹಾಫ್ ಟೈಮ್ ಹತ್ರ ಬಂದಿದೆ. ಎಡಗಡೆ ಲೈನ್ ಹತ್ರ ಇಬ್ರು ಡಿಫೆಂಡರ್‌ಗಳು ಇವನಿಗೆ ಅಡ್ಡ ಬರ್ತಾರೆ, ಇವನು ಅವರಿಬ್ರ ಮಧ್ಯ ತೂರಿ ಎಡಗಾಲಲ್ಲಿ ಚೆಂಡನ್ನ ಎತ್ತಿ ಆ ಕಡೆ ಪೋಸ್ಟಿಗೆ ಕಳಿಸ್ತಾನೆ, ಅಲ್ಲಿ ಟ್ರೆವರ್ ಫ್ರಾನ್ಸಿಸ್, ಫಾರೆಸ್ಟ್ ಹತ್ತು ಲಕ್ಷ ಪೌಂಡ್ ಕೊಟ್ಟು ಕೊಂಡ ಆಸಾಮಿ, ಓಡಿ ಬಂದು ತಲೆ ಕೊಡ್ತಾನೆ, ಅಷ್ಟೇ, 1-0, ಕಪ್ ಫಾರೆಸ್ಟಿಗೆ. ಮಾರನೇ ವರ್ಷ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ಎದುರು ಫೈನಲ್. ರಾಬರ್ಟ್‌ಸನ್‌ನ ಹಿಡಿಯೋಕೆ ಇದ್ದದ್ದು ಜರ್ಮನಿಯ ಹೆಸರಾಂತ ರೈಟ್ ಬ್ಯಾಕ್ ಮ್ಯಾನ್‌ಫ್ರೆಡ್ ಕಾಲ್ಟ್ಸ್. ನಮ್ಮ ಹತ್ರ ಒಬ್ಬ ಗಿಡ್ಡ ದಪ್ಪ ಆಸಾಮಿ ಇದಾನೆ, ಕಾಲ್ಟ್ಸ್‌ನ ಗಿರಗಿರ ತಿರುಗಿಸ್ತಾನೆ ಅಂತ ಕ್ಲಫ್ ಮೊದಲೇ ಹೇಳಿದ್ದ. ಆ ಗಿಡ್ಡನೇ ಒಳಗೆ ಬಂದು ಬಲಗಾಲಲ್ಲಿ ಹೊಡೆದ, ಚೆಂಡು ಪೋಸ್ಟಿಗೆ ತಾಗಿ ಒಳಗೆ. ಆವತ್ತೂ 1-0. ಎರಡು ಯುರೋಪಿಯನ್ ಕಪ್ ಫೈನಲ್ಲು, ಇದ್ದದ್ದೇ ಎರಡು ಗೋಲು, ಎರಡಕ್ಕೂ ಇವನ ಕಾಲು. ನಿಮ್ಮ 15 ಗೋಲನ್ನ ಇದರ ಪಕ್ಕ ಇಟ್ಟು ನೀವೇ ಯೋಚ್ನೆ ಮಾಡಿ.

ಇನ್ನೊಂದು ವಿಷ್ಯ. ಫಿಟ್ನೆಸ್ ಇಲ್ದ ಈ ಮನುಷ್ಯ 1976ರ ಡಿಸೆಂಬರಿಂದ 1980ರ ಡಿಸೆಂಬರ್‌ವರೆಗೆ ಒಂದೂ ತಪ್ಪಿಸದೆ 243 ಮ್ಯಾಚ್ ಆಡಿದಾನೆ. ಈಗಿನ ಜಿಮ್ ಬಾಡಿಗಳಿಗೆ ಹ್ಯಾಮ್‌ಸ್ಟ್ರಿಂಗ್ ಹಿಡಿಯೋಕೆ ಎಷ್ಟು ವಾರ ಬೇಕು ಹೇಳಿ.

ನನಗೆ ಉರಿಯೋದೇ ಇಲ್ಲಿ. ಈಗ ಮ್ಯಾಚ್ ನೋಡಕ್ಕೆ ಕೂತ್ರೆ ಕಾಮೆಂಟರಿಯೋರು ಚೆಂಡಿನ ಬಗ್ಗೆ ಮಾತೇ ಆಡಲ್ಲ, ಇವರು ಇಷ್ಟು ಕಿಲೋಮೀಟರ್ ಓಡಿದ್ರು, ಅವರು ಅಷ್ಟು ಸ್ಪ್ರಿಂಟ್ ಮಾಡಿದ್ರು ಅಂತ ಆಟೋ ಮೀಟರ್ ಓದಿದಂಗೆ ಓದ್ತಾರೆ. ಸಿಗರೇಟು ವಾಸನೆ ಹೊಡೆಯೋ, ನಿಧಾನಕ್ಕೆ ನಡೆಯೋ ಹದಿನೇಳರ ಹುಡುಗನ್ನ ಈಗ ಯಾವ ಅಕಾಡೆಮಿ ಗೇಟೊಳಗೆ ಬಿಡುತ್ತೆ? ರಕ್ತ ಟೆಸ್ಟು, ಕೊಬ್ಬಿನ ಟೆಸ್ಟು, ಮನೆಗೆ ಹೋಗಪ್ಪ ಅಂತ ಒಂದು ಇಮೇಲು. ನಮ್ಮಲ್ಲೇನು ಕಮ್ಮಿ, ಬ್ಯಾಟ್ ಹಿಡಿಯೋ ಹುಡುಗನಿಗೂ ಯೋ-ಯೋ ಟೆಸ್ಟ್ ಅಂತ ಓಡಿಸ್ತಾರೆ. ನಮಗೆ ಬರೋ ಪತ್ರಗಳೂ ಹಂಗೇ ಆಗಿವೆ, ಮೊದಲ ಸಾಲಲ್ಲೇ ಗೋಲು, ಅಸಿಸ್ಟು, ಪರ್ಸೆಂಟೇಜು. ನಿಮ್ಮದೂ ಸೇರಿಸಿ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ.

ಇನ್ನು 1983. ಅದು ನಿಜವಾಗ್ಲೂ ಬೇಜಾರಿನ ಕತೆ. ಟೇಲರ್ ಅಷ್ಟೊತ್ತಿಗೆ ಬೇರೆ ಆಗಿ ಡರ್ಬಿ ಮ್ಯಾನೇಜರ್ ಆಗಿದ್ದ. ಕ್ಲಫ್ ಚಾರಿಟಿಗೆ ದುಡ್ಡು ಎತ್ತೋಕೆ ಅಂತ ಪಾದಯಾತ್ರೆ ಹೋಗಿದ್ದಾಗ, ಒಂದು ಮಾತೂ ಹೇಳದೆ ರಾಬರ್ಟ್‌ಸನ್ ಕೈಲಿ ಸೈನ್ ಮಾಡಿಸ್ಕೊಂಡ. ಆಮೇಲೆ ಕ್ಲಫ್, ಟೇಲರ್ ಇಬ್ರ ಮಧ್ಯ ಮಾತು ನಿಂತೋಯ್ತು, 1990ರಲ್ಲಿ ಟೇಲರ್ ತೀರಿಕೊಳ್ಳೋವರೆಗೂ. ಡರ್ಬಿಗೆ ಬಂದ ರಾಬರ್ಟ್‌ಸನ್‌ಗೆ ಗಾಯ, ಆಟ ಹಳೇ ತರ ಆಗ್ಲಿಲ್ಲ, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ 1984ರಲ್ಲಿ ಡರ್ಬಿ ಮೂರನೇ ಡಿವಿಷನ್ನಿಗೆ ಜಾರಿದ್ದಕ್ಕೆ ಮೈದಾನದಲ್ಲಿ ಇನ್ನೂ ಹತ್ತು ಜನ ಇದ್ರು ಸ್ವಾಮಿ, ಅವರ ಹೆಸರು ನಿಮ್ಮ ಪತ್ರದಲ್ಲಿ ಕಾಣ್ಲಿಲ್ಲ.