ಹಿಂದಿನ ಬ್ರೇಕ್ ಪಿಸ್ಟನ್ ಒಳಗೆ ಹೋಗದಿದ್ದರೆ

ಪ್ರಶ್ನೆ: ಕಾರಿನ ಹಿಂದಿನ ಡಿಸ್ಕ್ ಬ್ರೇಕ್ ಪ್ಯಾಡ್ ಸವೆದಿದೆ. ನಾನೇ ಬದಲಿಸಲು ಹೊರಟರೆ, ಸಿ-ಕ್ಲ್ಯಾಂಪ್ ಹಾಕಿ ಎಷ್ಟು ಒತ್ತಿದರೂ ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಗೆ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒತ್ತುವುದನ್ನು ನಿಲ್ಲಿಸಿ. ಪಿಸ್ಟನ್ ಮುಖದಲ್ಲಿ ಅಡ್ಡ ಕಚ್ಚುಗಳಿದ್ದರೆ, ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್ (ಪಿಸ್ಟನ್, ಪ್ಯಾಡ್ ಹಿಡಿದಿರುವ ಭಾಗ) ಒಳಗಿದೆ ಎಂದರ್ಥ. ಒಳಗಿರುವುದು ಸ್ಕ್ರೂ. ಬಲವಂತ ಮಾಡಿದರೆ ಅದು ಕೆಟ್ಟು ಇಡೀ ಕ್ಯಾಲಿಪರ್ ದಂಡ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಕಾರು ಬರೀ ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ನಿಂತಿದೆಯೇ ನೋಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ. ಪಿಸ್ಟನ್ ಕಚ್ಚುಗಳಿಗೆ ಕೂರುವ ವಿಂಡ್-ಬ್ಯಾಕ್ ಟೂಲ್‌ನಿಂದ ಒತ್ತುತ್ತಲೇ ತಿರುಗಿಸಿ. ಸಾಮಾನ್ಯವಾಗಿ ಗಡಿಯಾರದ ದಿಕ್ಕು. ಕೆಲವು ಕಾರುಗಳಲ್ಲಿ ಒಂದು ಬದಿಯದು ಉಲ್ಟಾ. ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಜೊತೆಗೇ ತಿರುಚಿಕೊಂಡರೆ ನಿಲ್ಲಿಸಿ, ಬಿಡಿಸಿ, ಮತ್ತೆ ಮುಂದುವರಿಸಿ. ಹರಿದರೆ ನೀರು ಹೊಕ್ಕು ಪಿಸ್ಟನ್ ಜಾಮ್ ಆಗುತ್ತದೆ. ಪ್ಯಾಡಿನ ಬೆನ್ನಿಗೆ ಪುಟ್ಟ ಗುಬುಟು ಇದ್ದರೆ ಅದು ಕಚ್ಚಿನೊಳಗೆ ಕೂರಬೇಕು, ಇಲ್ಲವಾದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಈ ನಡುವೆ ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ಕಣ್ಣಿಡಿ. ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ.

ಹ್ಯಾಂಡ್‌ಬ್ರೇಕ್‌ಗೆ ಲಿವರ್ ಬದಲು ಬಟನ್ ಇರುವ ಕಾರಾದರೆ ಮೇಲಿನದನ್ನು ಮಾಡಲೇಬೇಡಿ. ಮೊದಲು ಸರ್ವಿಸ್ ಮೋಡ್‌ಗೆ (ರಿಪೇರಿಗೆಂದೇ ಇರುವ ಸೆಟ್ಟಿಂಗ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯುವ ಮೋಟಾರ್ ಹಿಂದೆ ಸರಿಸಬೇಕು. ಅನೇಕ ಕಾರುಗಳಿಗೆ ಅದಕ್ಕೆ ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕು. ಎರಡೂ ಬದಿಯ ಪ್ಯಾಡ್ ಒಟ್ಟಿಗೇ ಬದಲಿಸಿ. ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ.