ಫ್ಲಾಸ್ಕಿನಲ್ಲಿ ಸಿಕ್ಕಿದ್ದು ಜೀವವಲ್ಲ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರಕ್ಕೆ ಎರಡು ಸಾಲಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ. ತಡವಾಗಿದ್ದು ಅದಕ್ಕೇ. ಬೇರೆ ಓದುಗರಿಗಾಗಿ ನಿಮ್ಮ ಪ್ರಶ್ನೆಗಳನ್ನು ಮೊದಲು ಹೇಳಿಬಿಡುತ್ತೇನೆ. ನೀವು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕಳೆದ ತಿಂಗಳ ನಮ್ಮ ಲೇಖನವೊಂದರಲ್ಲಿ ‘ಮಿಲ್ಲರ್ 1953ರಲ್ಲಿ ಪ್ರಯೋಗಾಲಯದಲ್ಲಿ ಜೀವ ಸೃಷ್ಟಿಸಿದರು’ ಎಂಬ ಸಾಲಿತ್ತು. ಅದನ್ನು ಓದಿದ ಹುಡುಗಿಯೊಬ್ಬಳು ‘ಆ ಜೀವಿ ಈಗ ಎಲ್ಲಿದೆ ಸಾರ್?’ ಎಂದು ಕೇಳಿದಳಂತೆ. ಮೊದಲ ಜೀವ ಹೇಗೆ ಬಂತೆಂದು ಗೊತ್ತಿಲ್ಲದಿದ್ದರೆ ವಿಕಾಸವನ್ನು ನಿಜ ಎಂದು ಹೇಗೆ ಕಲಿಸುವುದು ಎಂಬುದು ನಿಮ್ಮ ಪ್ರಶ್ನೆ. ಅಂದು ತಾನಾಗಿ ಹುಟ್ಟಿದ ಜೀವ ಇವತ್ತು ನಮ್ಮೂರ ಕೆರೆಯಲ್ಲಿ ಯಾಕೆ ಹುಟ್ಟುವುದಿಲ್ಲ ಎಂಬುದು ಇನ್ನೊಂದು.

ಆ ಹುಡುಗಿಗೆ ಮೊದಲು ನನ್ನ ಕ್ಷಮೆ ತಿಳಿಸಿ. ಆ ಸಾಲು ತಪ್ಪು. ಅಚ್ಚಿಗೆ ಹೋಗುವ ಮುನ್ನ ನಾನು ಅದನ್ನು ಹಿಡಿಯಬೇಕಿತ್ತು. ಸ್ಟ್ಯಾನ್ಲಿ ಮಿಲ್ಲರ್ ಆಗಿನ್ನೂ ಶಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಗುರು ಹೆರಾಲ್ಡ್ ಯೂರಿಯವರ ಜೊತೆ ಕೂತು ಯೋಚಿಸಿ, ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯನ್ನು ಗಾಜಿನ ಉಪಕರಣದೊಳಗೆ ಸೇರಿಸಿ ವಿದ್ಯುತ್ ಕಿಡಿ ಹಾಯಿಸಿದರು. ಒಂದು ದಿನದಲ್ಲಿ ನೀರು ನಸುಗೆಂಪಾಯಿತು, ವಾರದಲ್ಲಿ ಕಡುಗೆಂಪಾಯಿತು. ಅದರಲ್ಲಿ ಸಿಕ್ಕಿದ್ದು ಗ್ಲೈಸಿನ್, ಅಲನಿನ್‌ನಂಥ ಅಮೈನೋ ಆಮ್ಲಗಳು. ಅಂದರೆ ಪ್ರೋಟೀನಿನ ಇಟ್ಟಿಗೆಗಳು. ಇಟ್ಟಿಗೆ ಸಿಕ್ಕಿತು, ಮನೆ ಕಟ್ಟಿರಲಿಲ್ಲ. ಭೂಮಿಯ ಮೊದಲ ಗಾಳಿಯಲ್ಲಿ ಮೀಥೇನ್, ಅಮೋನಿಯಾ ಅಷ್ಟು ಜಾಸ್ತಿ ಇರಲಿಲ್ಲವೆಂದು ಮುಂದೆ ಅನೇಕ ವಿಜ್ಞಾನಿಗಳು ವಾದಿಸಿದರು. ಆದರೂ ಇಟ್ಟಿಗೆ ಸಿಗುವುದು ಕಷ್ಟವಲ್ಲ ಎಂಬ ಮಾತು ಉಳಿಯಿತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯೊಳಗೂ ಅಮೈನೋ ಆಮ್ಲಗಳಿದ್ದವು!

ಕಷ್ಟವಿರುವುದು ಮನೆ ಕಟ್ಟುವುದರಲ್ಲಿ. ಪ್ರೋಟೀನ್ ತಯಾರಾಗಲು ಡಿಎನ್‌ಎಯಲ್ಲಿ ಬರೆದಿಟ್ಟ ಸೂಚನೆ ಬೇಕು. ಆ ಡಿಎನ್‌ಎ ನಕಲಾಗಲು ಪ್ರೋಟೀನ್ ಬೇಕು. ಬೀಜ ಮೊದಲೋ ಮರ ಮೊದಲೋ ಅಂತೀವಲ್ಲ, ಅದೇ ಕಥೆ. 1980ರ ದಶಕದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಎಂಬ ವಿಜ್ಞಾನಿಗಳು ಇಲ್ಲೊಂದು ಕಿಂಡಿ ತೆರೆದರು. ಡಿಎನ್‌ಎಯ ಹತ್ತಿರದ ನಂಟ ಆರ್‌ಎನ್‌ಎ ಸೂಚನೆಯನ್ನೂ ಹೊರುತ್ತದೆ, ಪ್ರೋಟೀನಿನಂತೆ ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತದೆ ಎಂದು ತೋರಿಸಿದರು. 1989ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರಿಗೂ ಇನ್ನಿಬ್ಬರಿಗೂ 2009ರಲ್ಲಿ ನೊಬೆಲ್ ಬಂದಿದ್ದು ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕೆ. ಜೀವಕೋಶಗಳಲ್ಲಿ ಪ್ರೋಟೀನ್ ಹೆಣೆಯುವ ಯಂತ್ರ ಅದು. ಅದರೊಳಗೆ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಜಾಗದಲ್ಲಿ ಕೆಲಸ ಮಾಡುತ್ತಿರುವುದು ಆರ್‌ಎನ್‌ಎ. ಯಾವುದೋ ಬಹಳ ಹಳೆಯ ಕಾಲದ ಗುರುತು ಇನ್ನೂ ನಮ್ಮೊಳಗೆ ಉಳಿದಂತಿದೆ, ಅಲ್ವಾ?

ಹಾಗಾದರೆ ಮೊದಲ ಆರ್‌ಎನ್‌ಎ ಎಲ್ಲಿಂದ ಬಂತು? ಅದು ನೀರಿನಲ್ಲಿ ಸುಲಭವಾಗಿ ಒಡೆಯುವ ವಸ್ತು. ರಸಾಯನಶಾಸ್ತ್ರಜ್ಞ ಜಾನ್ ಸದರ್‌ಲ್ಯಾಂಡ್ ಅವರ ತಂಡ 2009ರಲ್ಲಿ ಅದರ ನಾಲ್ಕು ಅಕ್ಷರಗಳಲ್ಲಿ, ಅಂದರೆ ಅದು ಕಟ್ಟಿಕೊಂಡಿರುವ ನಾಲ್ಕು ಬಗೆಯ ಬಿಡಿ ಘಟಕಗಳಲ್ಲಿ, ಎರಡನ್ನು ಸರಳ ರಾಸಾಯನಿಕಗಳಿಂದಲೇ ತಯಾರಿಸಿತು. ಆ ಅಕ್ಷರಗಳು ಯಾರ ನೆರವೂ ಇಲ್ಲದೆ ಉದ್ದನೆಯ ಸಾಲಾಗಿದ್ದು ಹೇಗೆ, ಆ ಸಾಲು ಪೊರೆಯೊಳಗೆ ಸೇರಿದ್ದು ಹೇಗೆ ಎಂಬುದು ಇನ್ನೂ ಬಗೆಹರಿದಿಲ್ಲ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಯಲ್ಲಿ ಆಯಿತೋ, ನೆಲದ ಮೇಲೆ ಒಣಗುತ್ತ ತುಂಬುತ್ತ ಇದ್ದ ಹೊಂಡದಲ್ಲಿ ಆಯಿತೋ ಎಂಬ ಜಗಳವೂ ನಿಂತಿಲ್ಲ.

ಇನ್ನು ವಿಕಾಸದ ಮಾತು. ಇದನ್ನು ನೀವು ನಮಗಿಂತ ಚೆನ್ನಾಗಿ ಕಲಿಸಬಲ್ಲಿರಿ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಶಾಸನಗಳನ್ನು ಮುಂದಿಟ್ಟು ಇದನ್ನು ಹುಡುಗರಿಗೆ ತೋರಿಸುತ್ತೀರಿ. ಮನುಷ್ಯ ಮೊಟ್ಟಮೊದಲ ಮಾತನ್ನು ಹೇಗೆ ಆಡಿದ ಎಂದು ಯಾರಿಗೂ ಗೊತ್ತಿಲ್ಲ. ಹಾಗಂತ ಪಾಲು ಹಾಲಾಗಿದ್ದು ಸುಳ್ಳಾಗುತ್ತದೆಯೇ? ವಿಕಾಸದ ಪುರಾವೆಯೂ ಹಾಗೆಯೇ ಬೇರೆ ಇದೆ. ಬ್ಯಾಕ್ಟೀರಿಯಾ, ಹಲಸಿನ ಮರ, ನೀವು, ನಾನು, ಎಲ್ಲರ ಜೀವಕೋಶಗಳೂ ಡಿಎನ್‌ಎಯ ಸೂಚನೆಯನ್ನು ಪ್ರೋಟೀನಾಗಿಸಲು ಓದುವುದು ಹೆಚ್ಚುಕಮ್ಮಿ ಒಂದೇ ಜೀವಸಂಕೇತವನ್ನು.

ವಿಕಾಸದ ಕಥೆಯೊಳಗೂ ಬಗೆಹರಿಯದ್ದು ಇಲ್ಲವೆಂದಲ್ಲ. ನಮ್ಮ ಜೀವಕೋಶಗಳಿಗೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಗಟ್ಟಿಯಾಗಿ ವಾದಿಸಿದ ಈ ಮಾತನ್ನು ಈಗ ಎಲ್ಲರೂ ಒಪ್ಪುತ್ತಾರೆ. ಆದರೆ ಅದು ಒಳಗೆ ಬಂದಿದ್ದು ಹೇಗೆ? ನುಂಗಿದ್ದೋ, ಜೊತೆಗಿದ್ದು ಬೆರೆತಿದ್ದೋ? ಇದಕ್ಕೆ ಸುಳಿವು ಕೊಡಬಲ್ಲ, ನಮ್ಮ ದೂರದ ನಂಟ ಸೂಕ್ಷ್ಮಜೀವಿಯೊಂದನ್ನು ಕಡಲ ತಳದ ಕೆಸರಿನಿಂದ ಬೆಳೆಸಲು ಜಪಾನಿನ ತಂಡವೊಂದಕ್ಕೆ ಸುಮಾರು 12 ವರ್ಷ ಹಿಡಿಯಿತು. 2020ರಲ್ಲಿ ಅದರ ಚಿತ್ರ ಪ್ರಕಟವಾದಾಗ, ಕೈಚಾಚಿದಂತಿದ್ದ ಅದರ ಉದ್ದನೆಯ ಎಳೆಗಳನ್ನು ನಾನು ತುಂಬ ಹೊತ್ತು ನೋಡುತ್ತ ಕೂತಿದ್ದೆ.

ನಿಮ್ಮೂರ ಕೆರೆಯ ಪ್ರಶ್ನೆಗೆ ಡಾರ್ವಿನ್ 1871ರಲ್ಲೇ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಉತ್ತರ ಹೇಳಿದ್ದರು. ಈಗ ಅಂಥ ವಸ್ತು ಎಲ್ಲಾದರೂ ತಯಾರಾದರೆ, ಆಗಲೇ ಇರುವ ಜೀವಿಗಳು ಅದನ್ನು ತಕ್ಷಣ ತಿಂದುಬಿಡುತ್ತವೆ. ಗಾಳಿಯೂ ಬದಲಾಗಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದು ರೂಪುಗೊಂಡಾಗ ಭೂಮಿಯಲ್ಲಿ ಸೂಕ್ಷ್ಮಜೀವಿಗಳಿದ್ದವು, ಗಾಳಿಯಲ್ಲಿ ಆಮ್ಲಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಂದಿನ ಆಮ್ಲಜನಕದಲ್ಲಿ ಅಂದಿನ ನಾಜೂಕು ವಸ್ತುಗಳು ಉಳಿಯುವುದು ಕಷ್ಟ.

ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ನಿಮ್ಮ ಶಾಲೆಯ ಲೈಬ್ರರಿಯ ಪ್ರತಿಯಲ್ಲಿ ‘ಜೀವ’ ಎಂಬುದನ್ನು ಹೊಡೆದು ‘ಅಮೈನೋ ಆಮ್ಲ’ ಎಂದು ಬರೆಸಿ. ಆ ಹುಡುಗಿಯ ಕೈಯಲ್ಲೇ ಬರೆಸಿದರೆ ನನಗೆ ಸಂತೋಷ.

— ಸಂಪಾದಕ